ಮಳೆಗಾಲದಲ್ಲಿ ದಂಡೆಯ ನೀರು ತಂದು ಚಿಟ್ಟೆ ಮೀನಿನ ಟ್ಯಾಂಕಿಗೆ ಹೊಯ್ಯಬೇಡಿ

ಕಡಲು ಮನೆ ಬಾಗಿಲಲ್ಲೇ ಇರುವಾಗ ದುಡ್ಡು ಕೊಟ್ಟು ಉಪ್ಪು ತಂದು ನೀರು ಕಲಸುವುದೇಕೆ ಎಂದು ಕಾರವಾರದಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆಲ್ಲ ಅನಿಸುತ್ತದೆ. ಡಿಸೆಂಬರಿನಿಂದ ಮೇ ತನಕ ಹಾಗೆ ಮಾಡಿದರೂ ನಡೆಯುತ್ತದೆ. ಜುಲೈಯಲ್ಲಿ ಅದನ್ನೇ ಮಾಡಿದ್ದಕ್ಕೆ ಐದು ತಿಂಗಳಿಂದ ಚೆನ್ನಾಗಿ ತಿನ್ನುತ್ತಿದ್ದ ಕಾಪರ್‌ಬ್ಯಾಂಡ್ ಚಿಟ್ಟೆ ಮೀನು ಒಂಬತ್ತೇ ದಿನದಲ್ಲಿ ಸತ್ತಿತು. ಜೊತೆಗಿದ್ದ ಎರಡು ಕ್ಲೌನ್ ಮೀನು ಉಳಿದವು. ಆ ಒಂಬತ್ತು ದಿನಗಳಲ್ಲಿ ಮೂರು ತಪ್ಪು ನಡೆದವು. ಎರಡನೆಯದು ಮೊದಲನೆಯದನ್ನು ತಿದ್ದಲು ಹೋಗಿ, ಮೂರನೆಯದು ಎರಡನೆಯದನ್ನು ತಿದ್ದಲು ಹೋಗಿ.

ಟ್ಯಾಂಕು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ. ಕಲ್ಲು, ಮರಳು ಕಳೆದರೆ ಒಳಗೆ ಸುಮಾರು 270 ಲೀಟರ್ ನೀರು. (ಕಾಪರ್‌ಬ್ಯಾಂಡಿಗೆ ಇದೂ ಚಿಕ್ಕದೇ. ಹೊಸದಾಗಿ ಮಾಡಿಸುವವರು 400 ಲೀಟರಿಗಿಂತ ಕಡಿಮೆ ಮಾಡಿಸಬೇಡಿ.) ಉಪ್ಪಿನಂಶ 34 ಪಿಪಿಟಿ (ಅಂದರೆ ಸಾವಿರ ಪಾಲು ನೀರಿನಲ್ಲಿ 34 ಪಾಲು ಉಪ್ಪು), ಶಾಖ 26 ಡಿಗ್ರಿ. ಕೋಡಿಬಾಗ ಕಡೆಯ ದಂಡೆಯಿಂದ 20 ಲೀಟರಿನ ನಾಲ್ಕು ಕ್ಯಾನ್ ನೀರು ತಂದು, ಬಟ್ಟೆಯಲ್ಲಿ ಸೋಸಿ, ಅಷ್ಟೇ ಹಳೆ ನೀರು ತೆಗೆದು ಅರ್ಧ ಗಂಟೆಯಲ್ಲಿ ಹೊಯ್ದದ್ದಾಯಿತು. ನಾಲಿಗೆಗೆ ಉಪ್ಪೇ ಇತ್ತು. ಕ್ಯಾನಿನ ತಳದಲ್ಲಿ ಉಳಿದಿದ್ದ ನೀರನ್ನು ಆಮೇಲೆ ಅಳೆದಾಗ ಬಂದದ್ದು 14 ಪಿಪಿಟಿ. ಟ್ಯಾಂಕು 34ರಿಂದ 28ಕ್ಕೆ ಇಳಿದಿತ್ತು.

ಕಾಳಿ ನದಿ ಕಡಲು ಸೇರುವುದು ಅಲ್ಲೇ. ಜೂನಿನಿಂದ ಸೆಪ್ಟೆಂಬರ್ ತನಕ ಘಟ್ಟದ ಮಳೆನೀರೆಲ್ಲ ಅಲ್ಲಿಂದ ಇಳಿಯುತ್ತದೆ, ಕದ್ರಾ ಅಣೆಕಟ್ಟಿನ ಗೇಟು ತೆಗೆದರಂತೂ ಕೇಳುವುದೇ ಬೇಡ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಹಾಸಿಕೊಂಡು ತೇಲುತ್ತದೆ. ಬಕೆಟ್ಟಿಗೆ ಸಿಗುವುದು ಆ ಮೇಲಿನ ಪದರವೇ. 14 ಪಿಪಿಟಿ ಇದ್ದರೂ ನಾಲಿಗೆಗೆ ಉಪ್ಪೇ ಅನಿಸುತ್ತದೆ. ಅಂಕೋಲೆಯವರಿಗೆ ಗಂಗಾವಳಿ, ಕುಮಟೆಯವರಿಗೆ ಅಘನಾಶಿನಿ, ಹೊನ್ನಾವರದವರಿಗೆ ಶರಾವತಿ ಇದೆ. ನಮ್ಮ ಕರಾವಳಿಯಲ್ಲಿ ಯಾವ ಊರೂ ನದಿಬಾಯಿಂದ ದೂರವಿಲ್ಲ.

ಇಷ್ಟು ಇಳಿತದಿಂದ ಮೀನು ಸಾಯುವುದಿಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಮೂಳೆಯಿರುವ ಮೀನು ತನ್ನ ಮೈಯ ಉಪ್ಪನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುತ್ತದೆ, ನೀರಿನ ಉಪ್ಪು ಇಳಿದರೆ ಅದರ ಕೆಲಸ ಹಗುರವೇ ಆಗುತ್ತದೆ. ತಡೆಯಲಾರದ್ದು ಕಲ್ಲಿನ ಸಂದಿಯಲ್ಲಿರುವ ಕೊಳವೆ ಹುಳು, ಶಂಖದ ಹುಳು, ಸೀಗಡಿ ಮರಿ. ಮರುದಿನ ಬೆಳಿಗ್ಗೆ ಕೊಳವೆ ಹುಳುಗಳು ಬಿಳಚಿಕೊಂಡು ಅರ್ಧ ಹೊರಗೆ ಜೋತುಬಿದ್ದಿದ್ದವು. ಅವು ಕೊಳೆಯತೊಡಗಿದವು, ಕೊಳೆತಾಗ ಹುಟ್ಟುವ ವಿಷವಾದ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬಿದ್ದಿತ್ತು, ಸಂಜೆ ಹೊತ್ತಿಗೆ ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ. ಅಲ್ಲಿಗೆ ನಿಲ್ಲಿಸಿ, ಸರಿಯಾದ ಉಪ್ಪಿನ ನೀರನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ, ಸತ್ತದ್ದನ್ನು ಹೆಕ್ಕಿ ತೆಗೆದಿದ್ದರೆ ಮೀನು ಬದುಕುತ್ತಿತ್ತು.

ಆದರೆ ಮಾಡಿದ್ದು ಬೇರೆ. ಒಂದೂವರೆ ಕೆಜಿಗೂ ಹೆಚ್ಚು ಉಪ್ಪನ್ನು ಕರಗಿಸಿ ಒಂದೇ ರಾತ್ರಿಯಲ್ಲಿ ಮತ್ತೆ 34ಕ್ಕೆ ಏರಿಸಲಾಯಿತು. ಮೀನನ್ನು ಕೊಂದದ್ದು ಇದೇ. ಇಳಿತವನ್ನು ತಡೆದ ಮೀನು ಏರಿಕೆಯನ್ನು ತಡೆಯಲಿಲ್ಲ, ಹೊರಗಿನ ಉಪ್ಪು ಅದರ ಮೈನೀರನ್ನು ಎಳೆದುಬಿಟ್ಟಿತು. ಏರಿಸಬೇಕಾದದ್ದು ಹೆಚ್ಚೆಂದರೆ ದಿನಕ್ಕೆ 1 ಪಿಪಿಟಿ. 270 ಲೀಟರಿಗೆ ಅದು ದಿನಕ್ಕೆ 270 ಗ್ರಾಂ ಉಪ್ಪು, ಬೇರೆ ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿದ್ದು. ಇದಕ್ಕಿಂತ ಸುಲಭದ ದಾರಿಯೆಂದರೆ, ದಿನವೂ ಆವಿಯಾಗುವ ನೀರಿನ ಜಾಗಕ್ಕೆ ಸಿಹಿನೀರಿನ ಬದಲು 35 ಪಿಪಿಟಿ ನೀರು ಹೊಯ್ಯುವುದು. ದಿನಕ್ಕೆ 4 ಲೀಟರ್ ಹೋದರೆ ಅರ್ಧ ಪಿಪಿಟಿ ಏರುತ್ತದೆ, ಹನ್ನೆರಡು ದಿನಕ್ಕೆ ಸರಿಯಾಗುತ್ತದೆ. ಹೊಸ ಮೀನು ತಂದಾಗಲೂ ಇದೇ ಲೆಕ್ಕ. ಉಪ್ಪು ಉಳಿಸಲು, ರೋಗ ತಡೆಯಲು ಎಷ್ಟೋ ಅಂಗಡಿಗಳು ಉಪ್ಪು ಕಡಿಮೆ ಇಡುತ್ತವೆ. ಆ ಚೀಲದ ನೀರನ್ನು ಅಳೆದು, ಅದಕ್ಕೆ ಸರಿಯಾಗಿ ಬೇರೆ ಟ್ಯಾಂಕ್ ಸಿದ್ಧಮಾಡಿ, ಅಲ್ಲಿಂದ ದಿನದಿನವೂ ಏರಿಸಿ.

ಕಾಪರ್‌ಬ್ಯಾಂಡಿಗೆ ತೊಂದರೆಯಾದದ್ದು ಮೊದಲು ಗೊತ್ತಾಗುವುದು ಊಟದಲ್ಲಿ. ಒಡೆದ ಬಳಚನ್ನು ಚಿಪ್ಪಿನ ಸಮೇತ ಕಲ್ಲಿನ ಸಂದಿಗೆ ಸಿಕ್ಕಿಸಿದರೆ, ಚೆನ್ನಾಗಿರುವ ಮೀನು ತಲೆ ಕೆಳಗೆ ಮಾಡಿ ಉದ್ದ ಮೂತಿಯಿಂದ ಮಾಂಸವನ್ನು ಚಿವುಟಿ ಎಳೆಯುತ್ತದೆ. ಉಪ್ಪು ಏರಿಸಿದ ಮರುದಿನ ಅದು ಚಿಪ್ಪಿನ ಹತ್ತಿರ ಬಂದು, ಒಂದು ಕಣ್ಣಿನಿಂದ ನೋಡಿ, ತಿರುಗಿ ಹೋಗುತ್ತಿತ್ತು. ಚಪ್ಪಟೆ ಮೈಯ ಈ ಮೀನಿನಲ್ಲಿ ಕೊಬ್ಬಿನ ದಾಸ್ತಾನು ಕಡಿಮೆ. ನಾಲ್ಕನೇ ದಿನಕ್ಕೆ ಕಣ್ಣಿನ ಹಿಂದೆ, ಬೆನ್ನಿನ ಮೇಲ್ಭಾಗ ಗುಳಿಬಿದ್ದಿತ್ತು. ಕೊಳ್ಳುವಾಗಲೂ ನೋಡಬೇಕಾದದ್ದು ಆ ಜಾಗವನ್ನೇ. ಹೊಟ್ಟೆ ಒಂದು ಊಟಕ್ಕೆ ತುಂಬಿ ಕಾಣುತ್ತದೆ, ಬೆನ್ನು ಹಾಗಲ್ಲ.

ಅದೇ ದಿನ ರೆಕ್ಕೆಯ ಮೇಲೆ ಬಿಳಿ ಚುಕ್ಕೆ, ಪರಾವಲಂಬಿ ಜೀವಿಯಿಂದ ಬರುವ ರೋಗ. ಅಂಗಡಿಯವರು ಕೊಟ್ಟ ತಾಮ್ರದ ಔಷಧಿಯನ್ನು ನೇರವಾಗಿ ಅದೇ ಟ್ಯಾಂಕಿಗೆ ಹಾಕಿದ್ದು ಮೂರನೇ ತಪ್ಪು. ಸುಣ್ಣದ ಕಲ್ಲು, ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ, ನೀರಿನಲ್ಲಿ ರೋಗಕ್ಕೆ ಬೇಕಾದಷ್ಟು ಉಳಿಯುವುದಿಲ್ಲ. ಉಳಿದಷ್ಟೇ ಸಾಕು, ಜೀವಂತವಿದ್ದ ಹುಳು, ಶಂಖಗಳೆಲ್ಲ ಸತ್ತು ಅಮೋನಿಯಾ ಮತ್ತೆ ಏರಿತು. ಹೀರಿದ ತಾಮ್ರವನ್ನು ಆ ಕಲ್ಲು ಮುಂದೆ ಮೆಲ್ಲಗೆ ಬಿಡುತ್ತಲೇ ಇರುತ್ತದೆ, ಆ ಕಲ್ಲಿನ ಜೊತೆ ಹವಳ, ಸೀಗಡಿ ಇಡುವ ಆಸೆ ಬಿಡಬೇಕು. ತಾಮ್ರ ಕೊಡುವುದಿದ್ದರೆ ಕಲ್ಲು ಮರಳಿಲ್ಲದ ಬೇರೆ ಟ್ಯಾಂಕಿನಲ್ಲಿ, ಕಿಟ್‌ನಿಂದ ದಿನವೂ ಅಳೆದು, 30 ದಿನ ಒಂದೇ ಮಟ್ಟದಲ್ಲಿ. ಮೀನು ಸಿಗದೆ ಆ ಪರಾವಲಂಬಿ ಸಾಯುವಂತೆ ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡಬೇಕು.

ನೀರು ಕಡಲಿನದೇ ಬೇಕೆನ್ನುವವರು ಮಳೆ ನಿಂತು ನದಿನೀರು ತಿಳಿಯಾದ ಮೇಲೆ, ಭರತಿ ಇರುವಾಗ, ಸಾಧ್ಯವಾದರೆ ದೋಣಿಯವರ ಕೈಯಲ್ಲಿ ದಂಡೆಯಿಂದ ದೂರದ ನೀರು ತರಿಸಿ. ಮೀನುಗಾರಿಕೆ ಬಂದರಿನೊಳಗಿನ ನೀರು ಬೇಡ, ಅಲ್ಲಿ ಡೀಸೆಲ್ ಇರುತ್ತದೆ. ನೇತ್ರಾಣಿ ದ್ವೀಪದ ಹವಳದ ಕಲ್ಲಂತೂ ಮುಟ್ಟಲೇಬೇಡಿ. ಹವಳ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಅಡುಗೆಗೆ ಚೆಂದ, ಟ್ಯಾಂಕಿಗಲ್ಲ. ಉಪ್ಪಿನ ಗದ್ದೆಯಲ್ಲಿ ನೀರು ಒಣಗುವಾಗ ಸುಣ್ಣದಂಶ ಮೊದಲೇ ತಳಕ್ಕೆ ಇಳಿದಿರುತ್ತದೆ, ಮೆಗ್ನೀಷಿಯಂ ಉಪ್ಪು ತೆಗೆದ ಮೇಲಿನ ಕಹಿನೀರಿನಲ್ಲಿ ಉಳಿದು ಹೋಗುತ್ತದೆ.

ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಸಿಹಿನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು. 36.5 ಗ್ರಾಂ ಒಣ ಪುಡಿಉಪ್ಪನ್ನು 963.5 ಗ್ರಾಂ ಆರ್‌ಒ ನೀರಿನಲ್ಲಿ ಕರಗಿಸಿ. ಅದು 35 ಎಂದು ತೋರಿಸಬೇಕು, ತೋರಿಸದಿದ್ದರೆ ತಿರುಪನ್ನು ಅಲ್ಲಿಗೆ ತಿರುಗಿಸಿ.

270 ಲೀಟರಿನ ಟ್ಯಾಂಕಿಗೆ ಹದಿನೈದು ದಿನಕ್ಕೊಮ್ಮೆ 27 ಲೀಟರ್ ನೀರು ಬದಲಿಸಲು ಸುಮಾರು 1 ಕೆಜಿ ಟ್ಯಾಂಕ್ ಉಪ್ಪು ಬೇಕು. ಜೂನಿನಿಂದ ಸೆಪ್ಟೆಂಬರಿಗೆ 9 ಕೆಜಿ. ಮೇ ತಿಂಗಳಲ್ಲೇ ತಂದು, ಗಾಳಿಯಾಡದ ಡಬ್ಬಕ್ಕೆ ತುಂಬಿಡಿ, ಇಲ್ಲಿಯ ತೇವಕ್ಕೆ ತೆರೆದ ಚೀಲ ವಾರದಲ್ಲೇ ಕಲ್ಲಾಗುತ್ತದೆ.