ಕಂಟ್ರೋಲರ್ ಉಳಿಸೋಕೆ ಫ್ಯೂಸಾ, ಪಾಲಿಫ್ಯೂಸಾ, ಬಲ್ಬಾ?

ಮಾಡೆಲ್ ರೈಲು ಓಡಿಸುವ ಮನೆಯಲ್ಲಿ ಶಾರ್ಟ್ ಆಗುವುದು ಮಾಮೂಲಿ. ಎರಡು ಹಳಿಗಳ ನಡುವೆ 12 ವೋಲ್ಟ್ ಇರುತ್ತದೆ, ಚಕ್ರಗಳು ಲೋಹದವು. ಪಾಯಿಂಟ್ಸ್ (ರೈಲು ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ) ಮೇಲೆ ಒಂದು ಬೋಗಿ ಹಳಿ ತಪ್ಪಿದರೆ ಸಾಕು, ಪ್ಲಸ್ಸು ಮೈನಸ್ಸು ಒಂದಾದಂತೆಯೇ. ಎಷ್ಟೇ ಜೋಪಾನ ಮಾಡಿದರೂ ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಶಾರ್ಟ್ ಆದಾಗ ಕಂಟ್ರೋಲರ್, ಅಂದರೆ ಹಳಿಗೆ ಕರೆಂಟ್ ಕೊಟ್ಟು ರೈಲಿನ ವೇಗ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ, ಸುಟ್ಟುಹೋಗದಂತೆ ಮಾತ್ರ ನೋಡಿಕೊಳ್ಳಬಹುದು. ಅದಕ್ಕೆ ಜನ ಹೇಳುವ ಉಪಾಯಗಳನ್ನು ಒಂದೊಂದಾಗಿ ಒಂದೇ ಕಂಟ್ರೋಲರಿಗೆ ಹಾಕಿ ನೋಡಿದ್ದೇನೆ.

ನನ್ನದು ಎಚ್‌ಒ ಸ್ಕೇಲ್, ಅಂದರೆ 1:87, ಹಳಿಯ ಅಗಲ 16.5 ಮಿಲಿಮೀಟರ್. ಹಳೇ ರೀತಿಯ ಡಿಸಿ, ಅಂದರೆ ಹಳಿಯ ವೋಲ್ಟೇಜ್ ಏರಿಸಿದಷ್ಟೂ ರೈಲಿಗೆ ವೇಗ. ಕಂಟ್ರೋಲರ್ ಮನೆಯಲ್ಲೇ ಕಟ್ಟಿದ್ದು: 15 ವೋಲ್ಟ್ 3 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, ದೊಡ್ಡ ಕೆಪಾಸಿಟರ್, ಕೊನೆಗೆ ಹೀಟ್ ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಮೇಲೆ ಹಳಿಯ ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಒಂದು 2ಎನ್3055 ಟ್ರಾನ್ಸಿಸ್ಟರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಲ್ಲವೂ ಸಿಗುತ್ತವೆ. ಇವುಗಳಲ್ಲಿ ಶಾರ್ಟಿಗೆ ಮೊದಲು ಬಲಿಯಾಗುವುದು ಆ ಟ್ರಾನ್ಸಿಸ್ಟರ್. ಪರೀಕ್ಷೆಗೆ ಬಳಸಿದ್ದು ಒಂದು ರೂಪಾಯಿ ನಾಣ್ಯ. ಅದನ್ನು ಹಳಿಗಳ ಮೇಲೆ ಅಡ್ಡ ಇಡುವುದು, ಮಲ್ಟಿಮೀಟರನ್ನು 10 ಆಂಪ್ ರೇಂಜಿನಲ್ಲಿಟ್ಟು ನೋಡುವುದು.

ಮೊದಲು ಗಾಜಿನ ಫ್ಯೂಸ್. 1 ಆಂಪ್ ಫ್ಯೂಸ್ ಹಾಕಿದರೆ 1 ಆಂಪ್ ದಾಟಿದ ಕೂಡಲೇ ಹಾರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ) ಮಾದರಿಯ ಫಾಸ್ಟ್ ಫ್ಯೂಸ್ ಕೂಡ 2.1 ಪಟ್ಟು ಕರೆಂಟಿನಲ್ಲಿ ಅರ್ಧ ಗಂಟೆಯವರೆಗೆ ತಡೆದುಕೊಳ್ಳಬಹುದು. ನಾಲ್ಕು ಪಟ್ಟಾದರೆ ಮಾತ್ರ ಅರೆ ಸೆಕೆಂಡಿನೊಳಗೆ ಹಾರುತ್ತದೆ. ಸಣ್ಣ ಟ್ರಾನ್ಸ್‌ಫಾರ್ಮರ್ ಅಷ್ಟು ಕರೆಂಟನ್ನೇ ಕೊಡದಿದ್ದರೆ ಫ್ಯೂಸ್ ಸುಮ್ನೆ ಕೂತಿರುತ್ತದೆ, ಬಿಸಿಯೆಲ್ಲ ಟ್ರಾನ್ಸಿಸ್ಟರಿಗೆ. ಜೊತೆಗೆ ಪ್ರತಿ ಸಲ ಹೊಸ ಫ್ಯೂಸ್ ಹಾಕಬೇಕು. ಮಕ್ಕಳು ಓಡಿಸುವ ಲೇಔಟಿನಲ್ಲಿ ಅದು ನಡೆಯುವ ಮಾತಲ್ಲ. ಹಾಗಂತ ಫ್ಯೂಸ್ ಬೇಡವೇ ಬೇಡ ಅಂತಲ್ಲ. ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಕಡೆ ಅದು ಇರಲೇಬೇಕು. ಅದು ಮನೆಗೆ ಬೆಂಕಿ ಬೀಳದಿರಲು, ಕಂಟ್ರೋಲರ್ ಉಳಿಸಲು ಅಲ್ಲ.

ಪಾಲಿಫ್ಯೂಸ್ ನೋಡಲು ಹಳದಿ ಬಿಲ್ಲೆ. ಬಿಸಿಯಾದಾಗ ರೆಸಿಸ್ಟೆನ್ಸ್ ಏರಿ ಕರೆಂಟನ್ನು ತಡೆಯುತ್ತದೆ, ತಣ್ಣಗಾದರೆ ಮತ್ತೆ ಬಿಡುತ್ತದೆ. ಬದಲಾಯಿಸುವ ಗೋಜಿಲ್ಲ, ರೇಟೂ ಕಡಿಮೆ. ತೊಂದರೆ ಇರುವುದು ವೇಗದಲ್ಲಿ. 1.1 ಆಂಪ್ ಅಂತ ಬರೆದಿರುವುದು ಟ್ರಿಪ್ ಆಗಲು, ಅಂದರೆ ಕರೆಂಟನ್ನು ತಡೆಯಲು, ಅದರ ಎರಡು ಪಟ್ಟು ಬೇಕು, ಐದು ಪಟ್ಟು ಹರಿದರೂ ಕೆಲವು ಸೆಕೆಂಡು ಹಿಡಿಯುತ್ತದೆ. ಟ್ರಾನ್ಸ್‌ಫಾರ್ಮರಿಗೆ ಆ ಕೆಲವು ಸೆಕೆಂಡು ಏನೂ ಅಲ್ಲ. ಟ್ರಾನ್ಸಿಸ್ಟರಿಗೆ ಅದೇ ಜಾಸ್ತಿ. ಇನ್ನೊಂದು ಕಿರಿಕಿರಿ: ನಾಣ್ಯ ತೆಗೆದರೂ ಹಳಿ ಮೇಲೆ ಎಂಜಿನ್ ನಿಂತಿದ್ದರೆ ಪಾಲಿಫ್ಯೂಸ್ ಬಿಸಿಯಾಗಿಯೇ ಉಳಿಯುತ್ತದೆ. ನಾಬ್ ಸೊನ್ನೆಗೆ ತಂದು ಸ್ವಲ್ಪ ಕಾಯಬೇಕು. ಬೇಸಿಗೆಯ ಮಧ್ಯಾಹ್ನ, ಕೋಣೆ ಕಾದಿರುವಾಗ, ಬರೆದಿರುವುದಕ್ಕಿಂತ ಕಡಿಮೆ ಕರೆಂಟಿಗೇ ಟ್ರಿಪ್ ಆಗುವುದೂ ಉಂಟು.

ರೆಡಿಮೇಡ್ ಟ್ರೈನ್ ಸೆಟ್ಟಿನ ಕಂಟ್ರೋಲರುಗಳಲ್ಲಿ ಹೆಚ್ಚಾಗಿ ಥರ್ಮಲ್ ಕಟ್‌ಔಟ್ ಇರುತ್ತದೆ. ತನ್ನಷ್ಟಕ್ಕೆ ಆಫ್ ಆಗುತ್ತದೆ, ತಣಿದ ಮೇಲೆ ಆನ್ ಆಗುತ್ತದೆ, ಶಾರ್ಟ್ ಇನ್ನೂ ಹಾಗೇ ಇದ್ದರೆ ಮತ್ತೆ ಆಫ್. ಯಾರೂ ಗಮನಿಸದಿದ್ದರೆ ಪ್ರತಿ ಸುತ್ತಿಗೂ ಚಕ್ರ ತಾಗಿದ ಜಾಗದಲ್ಲಿ ಕಿಡಿ. ನನಗೆ ಇದು ಹಿಡಿಸಲಿಲ್ಲ.

ಕರೆಂಟನ್ನು ಒಂದು ಮಿತಿ ದಾಟಲು ಬಿಡದ ಎಲೆಕ್ಟ್ರಾನಿಕ್ ಲಿಮಿಟರ್ ಇದಕ್ಕೆಲ್ಲ ಉತ್ತರ ಅನ್ನಿಸುತ್ತದೆ, ಅಲ್ವಾ? ಒಂದು ಸಣ್ಣ ರೆಸಿಸ್ಟರ್, BC547 ಎಂಬ ಒಂದು ಚಿಕ್ಕ ಟ್ರಾನ್ಸಿಸ್ಟರ್. ರೆಸಿಸ್ಟರಿನಲ್ಲಿ 0.6 ವೋಲ್ಟ್ ಬಿದ್ದೊಡನೆ ಚಿಕ್ಕ ಟ್ರಾನ್ಸಿಸ್ಟರ್ ಎಚ್ಚೆತ್ತು ದೊಡ್ಡದನ್ನು ತೆರೆದಿಡುವ ಬೇಸ್ ಕರೆಂಟನ್ನು ಕಿತ್ತುಕೊಳ್ಳುತ್ತದೆ. 0.27 ಓಮ್ ಹಾಕಿದರೆ ಮಿತಿ ಸುಮಾರು 2.2 ಆಂಪ್. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿದಿರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಶಾರ್ಟ್ ಆದಾಗ ಹೊರಗೆ ವೋಲ್ಟೇಜ್ ಸೊನ್ನೆ, ಒಳಗೆ ಕೆಪಾಸಿಟರಿನಲ್ಲಿ ಸುಮಾರು 18 ವೋಲ್ಟ್. ಹತ್ತಿರ ಹತ್ತಿರ 40 ವ್ಯಾಟ್ ಬಿಸಿ ಆ ಒಂದೇ ಟ್ರಾನ್ಸಿಸ್ಟರಿನಲ್ಲಿ. ನಾಣ್ಯ ಸ್ವಲ್ಪ ಹೊತ್ತು ಇದ್ದರೆ ಹೀಟ್ ಸಿಂಕ್ ಮುಟ್ಟಲು ಆಗುವುದಿಲ್ಲ. ಕರೆಂಟ್ ಮಿತಿಯಲ್ಲಿದೆ, ಬಿಸಿ ಮಾತ್ರ ಕಂಟ್ರೋಲರಿನ ಒಳಗೇ ಇದೆ.

ಈಗ ಬಲ್ಬಿಗೆ ಬರೋಣ. ಕಾರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬ್. ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಎಲ್‌ಇಡಿ ಬೇಡ, ಫಿಲಮೆಂಟ್ ಇರುವುದೇ ಆಗಬೇಕು. ಹಳಿಗೆ ಹೋಗುವ ಎರಡು ವೈರುಗಳಲ್ಲಿ ಒಂದನ್ನು ಕತ್ತರಿಸಿ ನಡುವೆ ಇದನ್ನು ಸೇರಿಸಿದರೆ ಮುಗಿಯಿತು. ಫಿಲಮೆಂಟ್ ತಣ್ಣಗಿದ್ದಾಗ ರೆಸಿಸ್ಟೆನ್ಸ್ ಅರ್ಧ ಓಮ್ ಆಸುಪಾಸು, ಪೂರ್ತಿ ಉರಿಯುವಾಗ 7 ಓಮ್ ಹತ್ತಿರ. ಒಂದು ಎಂಜಿನ್ 0.3 ಆಂಪ್ ಎಳೆಯುತ್ತಿದ್ದರೆ ಬಲ್ಬ್ ಬೆಳಗುವುದೇ ಇಲ್ಲ, ರೈಲಿನ ವೇಗದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಣ್ಯ ಇಟ್ಟ ಕೂಡಲೇ ಝಗ್ ಅಂತ ಹತ್ತಿಕೊಳ್ಳುತ್ತದೆ, ಕರೆಂಟ್ 1.75 ಆಂಪ್ ಸುತ್ತಮುತ್ತ ನಿಲ್ಲುತ್ತದೆ. ಟ್ರಾನ್ಸಿಸ್ಟರಿನಲ್ಲಿ ಉಳಿಯುವ ಬಿಸಿ ಬರೀ 10 ವ್ಯಾಟಿನಷ್ಟು. ಉಳಿದದ್ದನ್ನು ಬಲ್ಬೇ ಹೊರಗೆ ಬೆಳಕು, ಬಿಸಿಯಾಗಿ ಚೆಲ್ಲುತ್ತದೆ.

ಇದಕ್ಕಿಂತ ನನಗೆ ಇಷ್ಟವಾದದ್ದು ಬೇರೆ. ಒಂದು ಪಾಯಿಂಟ್ಸ್ ಮೇಲೆ ಒಂದೇ ಒಂದು ಎಂಜಿನ್ ಹೋದಾಗ ಮಾತ್ರ ಬಲ್ಬ್ ಮಿಣುಕ್ ಅನ್ನುತ್ತಿತ್ತು. ರೈಲು ನಿಲ್ಲುತ್ತಿರಲಿಲ್ಲ. ಬಗ್ಗಿ ನೋಡಿದರೆ, ಪ್ಲಾಸ್ಟಿಕ್ ಫ್ರಾಗ್ (ಪಾಯಿಂಟ್ಸಿನಲ್ಲಿ ಹಳಿಗಳು ಒಂದನ್ನೊಂದು ದಾಟುವ ತುಂಡು) ಮುಗಿದು ಎರಡು ಹಳಿಗಳು ತೀರಾ ಹತ್ತಿರ ಬರುವ ಜಾಗದಲ್ಲಿ ಆ ಎಂಜಿನ್ನಿನ ಅಗಲ ಚಕ್ರ ಎರಡನ್ನೂ ಒಟ್ಟಿಗೆ ಮುಟ್ಟುತ್ತಿತ್ತು. ಅಲ್ಲಿ ಹಳಿ ಮೇಲೆ ಒಂದು ಸಣ್ಣ ಗೆರೆ ನೈಲ್ ಪಾಲಿಶ್ ಬಳಿದೆ, ಮಿಣುಕು ನಿಂತಿತು. ಫ್ಯೂಸ್, ಪಾಲಿಫ್ಯೂಸ್ ಎರಡಕ್ಕೂ ಇಂಥ ಕ್ಷಣದ ಶಾರ್ಟ್ ಗೊತ್ತೇ ಆಗುವುದಿಲ್ಲ. ಚಕ್ರ, ಹಳಿ ಮಾತ್ರ ಕಪ್ಪಾಗುತ್ತಾ ಹೋಗುತ್ತವೆ.

ಬಲ್ಬಿಗೂ ಒಂದು ಕೊರತೆ ಇದೆ. ಫಿಲಮೆಂಟ್ ಕಾಯುವ ಮೊದಲಿನ ಗಳಿಗೆಯಲ್ಲಿ ಅದು ಹೆಚ್ಚು ಕಡಿಮೆ ಬರೀ ವೈರು. ಆಗ ಕೆಪಾಸಿಟರಿನಲ್ಲಿ ಇರುವುದೆಲ್ಲ ಟ್ರಾನ್ಸಿಸ್ಟರ್ ಮೂಲಕ ನುಗ್ಗುತ್ತದೆ. ಆ ಗಳಿಗೆಯಲ್ಲಿ ಲಿಮಿಟರ್ ಬೇಕು. ಅದಾದ ಮೇಲೆ ಬಲ್ಬ್ ಬೇಕು. ಹಾಗಾಗಿ ನನ್ನ ಕಂಟ್ರೋಲರಿನಲ್ಲಿ ಈಗ ಎರಡೂ ಇವೆ: ಒಳಗೆ 2.2 ಆಂಪಿನ ಲಿಮಿಟರ್, ಹೊರಗೆ 21 ವ್ಯಾಟ್ ಬಲ್ಬ್. ಲಿಮಿಟರಿನ ಮಿತಿ ಬಲ್ಬಿನ 1.75 ಆಂಪಿಗಿಂತ ಮೇಲಿರಬೇಕು. ಕೆಳಗಿದ್ದರೆ ಬಲ್ಬ್ ಪೂರ್ತಿ ಹತ್ತುವುದಿಲ್ಲ, ಬಿಸಿ ಮತ್ತೆ ಟ್ರಾನ್ಸಿಸ್ಟರಿಗೇ ಬರುತ್ತದೆ.

ಡಿಸಿಸಿ, ಅಂದರೆ ಒಂದೊಂದು ಎಂಜಿನ್ನಿಗೂ ಹಳಿ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ಪದ್ಧತಿ, ಬಳಸುವವರಿಗೆ ಇದೇ ಸಲಹೆ ಕೊಡಲಾರೆ. ಅಲ್ಲಿ ಹಳಿಗೆ ಕರೆಂಟ್ ಕೊಡುವ ಬೂಸ್ಟರಿನಲ್ಲೇ ಒಳ್ಳೆಯ ಟ್ರಿಪ್ ಇರುತ್ತದೆ, ಲೇಔಟನ್ನು ಭಾಗ ಮಾಡಿ ಒಂದೊಂದಕ್ಕೂ ಎಲೆಕ್ಟ್ರಾನಿಕ್ ಬ್ರೇಕರ್ ಹಾಕುವುದು ಮೇಲು. ಆದರೆ ನಾಣ್ಯದ ಪರೀಕ್ಷೆ ಅವರಿಗೂ ಬೇಕು, ಅದೂ ಬೂಸ್ಟರಿನಿಂದ ಅತಿ ದೂರದ ಹಳಿಯಲ್ಲಿ. ವೈರು ತೆಳುವಾಗಿದ್ದರೆ ಅದರ ರೆಸಿಸ್ಟೆನ್ಸಿನಿಂದಾಗಿ ಬೂಸ್ಟರಿಗೆ ಶಾರ್ಟ್ ಆಗಿದ್ದೇ ತಿಳಿಯುವುದಿಲ್ಲ. 5 ಆಂಪ್ ಬೂಸ್ಟರ್ ಆದರೆ ಎಂಜಿನ್ನಿನ ಒಳಗಿನ ಸಣ್ಣ ವೈರುಗಳು ಕರಗಬಹುದು.

ಬಲ್ಬ್ ಹಾಕುವವರು ಲೋಹದ ಹೋಲ್ಡರ್ ಬಳಸಿ, ಪ್ಲೈವುಡ್ಡಿನಿಂದ ಎತ್ತರಿಸಿ, ಕಣ್ಣಿಗೆ ಕಾಣುವ ಕಡೆ ಕೂರಿಸಿ. ಉರಿಯುವಾಗ ಅದು ಕೈ ಸುಡುತ್ತದೆ, ಪ್ಲಾಸ್ಟಿಕ್ ಮನೆ ಮರಗಳ ಹತ್ತಿರ ಬೇಡ. ಎಚ್‌ಒಗಿಂತ ಚಿಕ್ಕದಾದ ಎನ್ ಸ್ಕೇಲ್ ಎಂಜಿನ್ನುಗಳು ಎಳೆಯುವ ಕರೆಂಟೇ ಕಡಿಮೆ. ಅವಕ್ಕೆ ಬೈಕ್ ಇಂಡಿಕೇಟರಿನ 10 ವ್ಯಾಟ್ ಬಲ್ಬ್ ಸಾಕು, ಶಾರ್ಟ್ ಆದರೂ 0.8 ಆಂಪ್ ಚಿಲ್ಲರೆ ಮೇಲೆ ಹೋಗುವುದಿಲ್ಲ. ಒಂದೇ ರೈಲಿಗೆ ಎರಡು ಎಂಜಿನ್ ಜೋಡಿಸಿ ಓಡಿಸುವುದಾದರೆ ಮಾತ್ರ 21 ವ್ಯಾಟಿನದ್ದೇ ತೆಗೆದುಕೊಳ್ಳಿ.