ಶ್ರೀಮಂತರಾಗುವ ಸಲಹೆಗಳು: ಕೆಲವು ವರ್ಷ ಬಳಸಿ ನೋಡಿದವಳ ವಿಮರ್ಶೆ

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ. 5ಕ್ಕೆ 3. ಅದೂ ನನ್ನಂಥ ತಿಂಗಳ ಸಂಬಳದವರ ಲೆಕ್ಕದಲ್ಲಿ. ನಮ್ಮ ಫ್ಯಾಕ್ಟರಿಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂರುವ ಹೆಂಗಸರ ಲೆಕ್ಕದಲ್ಲಿ ಕೊಡು ಅಂದರೆ 1 ಕೊಡುವುದಕ್ಕೂ ಯೋಚನೆ ಮಾಡಬೇಕು. ಯಾಕೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಇದು ಯಾವುದೋ ಒಂದು ಪುಸ್ತಕದ ವಿಮರ್ಶೆ ಅಲ್ಲ. ಪುಸ್ತಕ, ಯೂಟ್ಯೂಬ್, ರೀಲ್ಸ್, ಆಫೀಸಿನಲ್ಲಿ ಆಗಾಗ ಇಡುವ ಕ್ಲಾಸು, ಎಲ್ಲಿ ಹೋದರೂ ಅದೇ ಆರೇಳು ಮಾತು ಸುತ್ತುತ್ತಿರುತ್ತೆ. ಸಂಬಳ ಬಂದ ಕೂಡಲೇ ಮೊದಲು ನಿಮ್ಮ ಪಾಲು ತೆಗೆದಿಡಿ. ಆರು ತಿಂಗಳ ಖರ್ಚು ಕೈಯಲ್ಲಿರಲಿ. ಸಂಬಳವನ್ನು 50-30-20 ಅಂತ ಭಾಗ ಮಾಡಿ. ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಷೇರು ಪೇಟೆಯ ಮ್ಯೂಚುವಲ್ ಫಂಡ್‌ಗೆ ಒಂದಿಷ್ಟು ಕಟ್ಟೋದು, ಶುರು ಮಾಡಿ, ನಡುವೆ ಕೈ ಹಾಕಬೇಡಿ. ಹೊರಗಿನ ಕಾಫಿ ಬಿಡಿ. ಸ್ವಂತ ಮನೆ ಆಸ್ತಿಯಲ್ಲ, ಹೊರೆ. ಮಲಗಿದ್ದಾಗಲೂ ದುಡ್ಡು ಬರುವ ದಾರಿ ಹುಡುಕಿ. ಇದರಲ್ಲಿ ಹೆಚ್ಚಿನದನ್ನು ನಾನು ಲಾಕ್‌ಡೌನ್‌ಗೂ ಮುಂಚಿನಿಂದ ಬಳಸುತ್ತಿದ್ದೇನೆ. ಕೆಲಸ ಪೀಣ್ಯದ ಒಂದು ಗಾರ್ಮೆಂಟ್ಸ್‌ನ ಅಕೌಂಟ್ಸ್ ಸೆಕ್ಷನ್‌ನಲ್ಲಿ. ಸಂಬಳದ ಪಟ್ಟಿ ಮಾಡುವುದು, ಪಿಎಫ್ (ಭವಿಷ್ಯ ನಿಧಿ) ಕಟ್ಟುವುದು, ಅಡ್ವಾನ್ಸ್ ಲೆಕ್ಕ ಇಡುವುದು. ಹಾಗಾಗಿ ನನ್ನ ದುಡ್ಡಷ್ಟೇ ಅಲ್ಲ, ಬೇರೆಯವರ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದೂ ದಿನಾ ಕಣ್ಣಿಗೆ ಬೀಳುತ್ತೆ.

ಚೆನ್ನಾಗಿರುವುದನ್ನು ಮೊದಲು ಹೇಳುತ್ತೇನೆ. "ಮೊದಲು ನಿಮ್ಮ ಪಾಲು" ಅನ್ನೋದು ನಿಜಕ್ಕೂ ಕೆಲಸ ಮಾಡುತ್ತೆ. ನಮಗೆ 7ಕ್ಕೆ ಸಂಬಳ, 8ಕ್ಕೆ ಎಸ್‌ಐಪಿ, ಬ್ಯಾಂಕಿನ ಆರ್‌ಡಿ (ತಿಂಗಳ ಕಂತಿನ ಠೇವಣಿ) ಎರಡೂ ತಾವಾಗಿಯೇ ಕಟ್ ಆಗುತ್ತವೆ. ತಿಂಗಳ ಕೊನೆಗೆ ಉಳಿದರೆ ಹಾಕೋಣ ಅಂತ ಕೂತಿದ್ದರೆ ನಮ್ಮ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ನಮ್ಮ ಯಜಮಾನರದ್ದು ಜೆರಾಕ್ಸ್ ಅಂಗಡಿ, ಅಲ್ಲಿಗೆ ಒಂದು ಟೋನರ್ ಬಂದರೆ ಸಾಕು, ಉಳಿಕೆ ಎಲ್ಲ ಅದಕ್ಕೇ. ಇನ್ಶೂರೆನ್ಸ್ ಬೇರೆ, ಉಳಿತಾಯ ಬೇರೆ ಅನ್ನೋದೂ ಒಳ್ಳೆಯ ಸಲಹೆ, ಪಾಲಿಸಿ ಮಾರುವವರು ನಿಮ್ಮ ಸ್ವಂತ ಚಿಕ್ಕಪ್ಪನೇ ಆಗಿದ್ದಾಗ ಪಾಲಿಸೋದು ಕಷ್ಟ ಅಷ್ಟೇ. ಮ್ಯೂಚುವಲ್ ಫಂಡ್‌ನಲ್ಲಿ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ 2013ರಿಂದಲೇ ಇದೆ ಅಂತ ನನಗೆ ಗೊತ್ತಾಗಿದ್ದೂ ಇಂಥದ್ದೇ ಒಂದು ವಿಡಿಯೋದಿಂದ. ಬ್ಯಾಂಕಿನಲ್ಲಿ ಯಾರೂ ಹೇಳಿರಲಿಲ್ಲ, ಹೇಳುವುದೂ ಇಲ್ಲ.

2020ರ ಮಾರ್ಚ್ ನೆನಪಿದೆಯಲ್ವಾ? ಜನವರಿಯಲ್ಲಿ 42 ಸಾವಿರ ದಾಟಿದ್ದ ಷೇರು ಪೇಟೆ ಸೂಚ್ಯಂಕ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26 ಸಾವಿರದ ಕೆಳಗೆ ಬಂದಿತ್ತು. "ಎಸ್‌ಐಪಿ ನಿಲ್ಲಿಸಬೇಡಿ" ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಿಲ್ಲಿಸಲಿಲ್ಲ, ಅದರಿಂದ ಒಳ್ಳೆಯದೇ ಆಯಿತು. ಆದರೆ ಅದು ನನ್ನ ಧೈರ್ಯವೇನಲ್ಲ. ಅಕೌಂಟ್ಸ್‌ನವರಿಗೆ ಸಂಬಳ ಬರುತ್ತಿತ್ತು, ಅದಕ್ಕೆ ನಿಲ್ಲಿಸಲಿಲ್ಲ. ಹೊಲಿಗೆ ಲೈನ್ ನಿಂತುಹೋಗಿ ಊರಿಗೆ ಹೋದವರಿಗೆ ಇದೇ ಸಲಹೆ ಕೊಟ್ಟಿದ್ದರೆ ಅವರು ಏನಂದಿರುತ್ತಿದ್ದರೋ.

ನನ್ನ ಮುಖ್ಯ ತಕರಾರು ಇಲ್ಲಿಂದಲೇ ಶುರು. ಈ ಸಲಹೆಗಳ ಒಳಗೆ ಯಾವಾಗಲೂ ಒಬ್ಬನೇ ಮನುಷ್ಯ ಇರುತ್ತಾನೆ. ಅವನ ಸಂಬಳ ಅವನದ್ದು, ಅವನ ಖರ್ಚು ಅವನದ್ದು. ಅವನಿಗೆ ತಮ್ಮನ ಫೀಸಿಲ್ಲ, ತಂಗಿಯ ಬಾಣಂತನ ಇಲ್ಲ, ಊರಲ್ಲಿ ಕೊಳವೆಬಾವಿ ಬತ್ತಿದ ಅಪ್ಪ ಇಲ್ಲ. ನಮ್ಮ ಕಡೆ ಸಂಬಳ ಬ್ಯಾಂಕಿಗೆ ಬರುವ ಹೊತ್ತಿಗೆ ಅದರ ಮೇಲೆ ಐದಾರು ಜನರ ಹೆಸರು ಬರೆದಾಗಿರುತ್ತೆ.

ಪಿಎಫ್ ಉದಾಹರಣೆ ತೆಗೆದುಕೊಳ್ಳಿ. "ಮೊದಲು ನಿಮ್ಮ ಪಾಲು" ಅನ್ನೋದನ್ನು ಯಾವ ಭಾಷಣವೂ ಇಲ್ಲದೆ ಜಾರಿಗೆ ತಂದದ್ದು 1952ರ ಪಿಎಫ್ ಕಾಯ್ದೆ. ಬೇಸಿಕ್‌ನ (ಮೂಲ ವೇತನದ) ಶೇ. 12 ನಮ್ಮಿಂದ, ಶೇ. 12 ಮಾಲೀಕರಿಂದ. ಮಾಲೀಕರ ಪಾಲಿನಲ್ಲಿ ಶೇ. 8.33 ಪೆನ್ಷನ್‌ಗೆ, ಉಳಿದದ್ದು ಪಿಎಫ್‌ಗೆ. 2023-24ಕ್ಕೆ ಬಡ್ಡಿ ಶೇ. 8.25. ಕೇಳಿ ಕಲಿಯಬೇಕಿಲ್ಲ, ಮನಸ್ಸು ಗಟ್ಟಿ ಮಾಡಬೇಕಿಲ್ಲ, ಕಟ್ ಆಗುತ್ತೆ ಅಷ್ಟೇ. ಸಲಹೆಗಾರರು ಇದಕ್ಕೆ ಸೇರಿಸುವ ಮಾತು: ಪಿಎಫ್ ಮುಟ್ಟಬೇಡಿ, 58 ವರ್ಷದವರೆಗೆ ಬಿಟ್ಟುಬಿಡಿ, ಚಕ್ರಬಡ್ಡಿ ನೋಡಿ.

2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸರಿಯಾಗಿ ಇದನ್ನೇ ಮಾಡಿತು. ಕೆಲಸ ಬಿಟ್ಟರೂ ಮಾಲೀಕರ ಪಾಲನ್ನು 58 ಆಗುವವರೆಗೆ ತೆಗೆಯುವಂತಿಲ್ಲ ಅಂತ ಅಧಿಸೂಚನೆ ಹೊರಟಿತು. ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗೆ ಬಂದರು. ಹೊಸೂರು ರಸ್ತೆ ನಿಂತುಹೋಯಿತು, ತುಮಕೂರು ರಸ್ತೆಯಲ್ಲೂ ಗಲಾಟೆ, ಬಸ್ಸುಗಳಿಗೆ ಬೆಂಕಿ, ಲಾಠಿ ಚಾರ್ಜ್. ದೊಡ್ಡ ಯೂನಿಯನ್ನು ಕರೆದದ್ದಲ್ಲ, ದೊಡ್ಡ ನಾಯಕರು ಮುಂದೆ ನಿಂತದ್ದೂ ಅಲ್ಲ. 19ಕ್ಕೇ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು.

ಟೀವಿಯಲ್ಲಿ ಕೂತವರು ಆಗ, "ಪಾಪ, ಇವರ ಒಳ್ಳೆಯದಕ್ಕೇ ಮಾಡಿದ್ದು, ಇವರಿಗೆ ಅರ್ಥವಾಗಲಿಲ್ಲ" ಅನ್ನುವ ಧಾಟಿಯಲ್ಲಿ ಮಾತಾಡಿದ್ದರು. ನನಗೆ ಹಾಗನ್ನಿಸಲಿಲ್ಲ. ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಪಿಎಫ್ ತೆಗೆಯುವ ಅರ್ಜಿಗಳು ನನ್ನ ಟೇಬಲ್ ಮೇಲಿಂದಲೇ ಹೋಗುತ್ತವೆ. ಮಗಳ ಕಾಲೇಜು, ಮದುವೆ, ಊರಲ್ಲಿ ಒಂದು ಕೋಣೆಗೆ ಶೀಟ್ ಹಾಕಿಸೋದು, ಮೈಕ್ರೋ ಫೈನಾನ್ಸ್ ಸಾಲ ತೀರಿಸೋದು. ಮೂವತ್ತೈದಕ್ಕೇ ಕಣ್ಣು, ಬೆನ್ನು ಸೋತು ಕೆಲಸ ಬಿಡುವವರಿಗೆ 58 ಅನ್ನೋದು ಬೇರೆ ಯಾರದೋ ವಯಸ್ಸು. ಅವರ ಪಾಲಿಗೆ ಪಿಎಫ್ ಮುದಿವಯಸ್ಸಿನ ದುಡ್ಡಲ್ಲ. ಆ "ಆರು ತಿಂಗಳ ಖರ್ಚು" ಅಂತ ಸಲಹೆಗಾರರು ಹೇಳುತ್ತಾರಲ್ಲ, ಅದು ಇದೇ. ಬೇರೆ ಯಾವುದೂ ಇಲ್ಲ. ಅದನ್ನೂ ಬೀಗ ಹಾಕಿ ಇಟ್ಟರೆ ಕಷ್ಟಕ್ಕೆ ಎಲ್ಲಿಗೆ ಹೋಗಬೇಕು? ಒಂದು ನಿಯಮವನ್ನು ಎಲ್ಲರಿಗೂ ಒಂದೇ ಥರ ಹಾಕಿದರೆ ಏನಾಗುತ್ತೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

50-30-20 ಕಥೆಯೂ ಹೀಗೇ. ನಮ್ಮಲ್ಲಿ ಒಮ್ಮೆ ಕ್ಲಾಸ್ ಇಟ್ಟಿದ್ದರು. ಟೈ ಕಟ್ಟಿಕೊಂಡು ಬಂದ ಹುಡುಗ ಬೋರ್ಡ್ ಮೇಲೆ ಮೂರು ಡಬ್ಬಿ ಬರೆದ. ಅರ್ಧ ಅಗತ್ಯಕ್ಕೆ, 30 ಆಸೆಗೆ, 20 ಉಳಿತಾಯಕ್ಕೆ. ಕೈಗೆ 13-14 ಸಾವಿರ ಬರುವವರು ಮುಂದೆ ಕೂತಿದ್ದಾರೆ. ಬಾಡಿಗೆ, ರೇಷನ್, ಶಾಲೆ ವ್ಯಾನ್, ಸಂಘದ ಕಂತು, ಅಷ್ಟಕ್ಕೇ ನೂರಕ್ಕೆ ನೂರು ಮುಗಿಯಿತು. ಹಿಂದಿನ ಸಾಲಿನಿಂದ ಒಬ್ಬರು, "ಸಾರ್, ಆ 30ರಲ್ಲಿ ನಮಗೆ ಏನೇನು ಆಸೆ ಬರೆಯಬಹುದು?" ಅಂತ ಕೇಳಿದ್ದಕ್ಕೆ ಇಡೀ ಹಾಲ್ ನಕ್ಕಿತು. ಈ ಲೆಕ್ಕ ಪ್ರಸಿದ್ಧವಾಗಿದ್ದು 2005ರಲ್ಲಿ ಎಲಿಜಬೆತ್ ವಾರನ್ ಮತ್ತು ಅವರ ಮಗಳು ಬರೆದ ಪುಸ್ತಕದಿಂದ. ವಾರನ್ ಅಮೆರಿಕದಲ್ಲಿ ದಿವಾಳಿ ಕಾನೂನು ಕಲಿಸುತ್ತಿದ್ದ ಪ್ರೊಫೆಸರ್, ಆಮೇಲೆ ಸೆನೆಟರ್ ಆದವರು. ಅಲ್ಲಿನ ಮಧ್ಯಮ ವರ್ಗದ ಮನೆಗಳು ಮುಳುಗುವುದು ಸಣ್ಣಪುಟ್ಟ ಶೋಕಿಯಿಂದಲ್ಲ, ಮನೆ ಸಾಲದಂಥ ದೊಡ್ಡ ಖರ್ಚುಗಳಿಂದ ಅಂತ ವಾದ ಮಾಡಿದವರೇ ಅವರು. ಆ ಮಾತು ಎಲ್ಲೋ ಬಿದ್ದುಹೋಗಿ ಬರೀ ಮೂರು ಅಂಕಿ ಇಲ್ಲಿಗೆ ಬಂದಿದೆ.

ಅದೇ ಕ್ಲಾಸಿನಲ್ಲಿ ಚೀಟಿ ಹಾಕಬೇಡಿ ಅಂತಲೂ ಹೇಳಿದರು. ಅರ್ಧ ನಿಜ. ಚೀಟಿ ನಡೆಸುವವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ ಕಥೆ ಪ್ರತಿ ಬೀದಿಯಲ್ಲೂ ಇದೆ. ಆದರೆ ಕಾಯ್ದೆ ಪ್ರಕಾರ ನೋಂದಣಿಯಾದ ಚೀಟಿಯೂ ಇದೆ, 1982ರಿಂದ ಅದಕ್ಕೆ ಕೇಂದ್ರದ ಕಾನೂನಿದೆ, ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ಚೀಟಿಯಲ್ಲಿ ಉಳಿತಾಯ, ಸಾಲ ಎರಡೂ ಒಟ್ಟಿಗೇ ಇದೆ. ಮಗುವಿನ ಆಪರೇಷನ್ ಬಂದರೆ ಬಿಡ್ ಕೂಗಿ, ಸ್ವಲ್ಪ ಕಳೆದುಕೊಂಡು, ದುಡ್ಡು ಎತ್ತಬಹುದು. ಇಷ್ಟು ಕಟ್ಟಿದರೆ ಇಷ್ಟು ವರ್ಷಕ್ಕೆ ಇಷ್ಟು ಅನ್ನುವ ಎಸ್‌ಐಪಿ ಪಟ್ಟಿಯಲ್ಲಿ ಆ ಆಪರೇಷನ್‌ಗೆ ಜಾಗವಿಲ್ಲ.

ಲೆಕ್ಕದ ವಿಷಯಕ್ಕೆ ಬಂದರೆ, ನಾನು ಅಕೌಂಟ್ಸ್‌ನವಳು, ಸುಮ್ನೆ ಬಿಡಲ್ಲ. "15-15-15" ಅಂತ ಒಂದು ಸೂತ್ರ ಎಲ್ಲ ಕಡೆ ಓಡಾಡುತ್ತೆ. ತಿಂಗಳಿಗೆ 15 ಸಾವಿರ, 15 ವರ್ಷ, ಶೇ. 15 ಲಾಭ, ಒಂದು ಕೋಟಿ. ಗುಣಾಕಾರ ಸರಿ. ಆದರೆ ಶೇ. 15 ಬರುತ್ತೆ ಅಂತ ಬರೆದುಕೊಟ್ಟವರು ಯಾರು? ಶೇ. 12 ಬಂದರೆ ಸುಮಾರು 75 ಲಕ್ಷ. ಶೇ. 10 ಬಂದರೆ ಸುಮಾರು 62 ಲಕ್ಷ. ಶೇ. 15ರಂತೆ ಕೋಟಿಯೇ ಬಂತು ಅಂತಿಟ್ಟುಕೊಳ್ಳಿ, ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಅದು ಇವತ್ತಿನ 42 ಲಕ್ಷಕ್ಕೆ ಸಮ. ಕೆಟ್ಟ ಮೊತ್ತವೇನಲ್ಲ, 27 ಲಕ್ಷ ಕಟ್ಟಿದ್ದಕ್ಕೆ ಬಂದದ್ದು. ಆದರೆ ಥಂಬ್‌ನೇಲ್‌ನಲ್ಲಿ ಹಾಕುವ ಕೋಟಿಯೇ ಬೇರೆ, ಇದೇ ಬೇರೆ.

ಕಾಫಿ ಬಿಟ್ಟು ಶ್ರೀಮಂತರಾಗುವ ಸಲಹೆ ಇನ್ನೂ ತಮಾಷೆ. ದಿನಕ್ಕೆ 20 ರೂಪಾಯಿ, ತಿಂಗಳಿಗೆ 600. ಅದನ್ನು ಶೇ. 12ರಲ್ಲಿ 20 ವರ್ಷ ಹಾಕಿದರೆ ಸುಮಾರು 6 ಲಕ್ಷ, ಬೆಲೆ ಏರಿಕೆ ಕಳೆದರೆ ಇವತ್ತಿನ 2 ಲಕ್ಷಕ್ಕೂ ಕಡಿಮೆ. ಇಪ್ಪತ್ತು ವರ್ಷ ದರ್ಶಿನಿ ಮುಂದೆ ಮೂಗು ಮುಚ್ಚಿಕೊಂಡು ಹೋಗಬೇಕು ಇಷ್ಟಕ್ಕೆ. ಬೈ ಟು ಕಾಫಿ ಕುಡಿಯುವ ಊರಿನವರಿಗೆ ಈ ವಿಷಯದಲ್ಲಿ ಪಾಠ ಬೇಕಿಲ್ಲ ಬಿಡಿ.

ಸ್ವಂತ ಮನೆ ಹೊರೆ ಅನ್ನೋದು ಕಾಗದದ ಮೇಲೆ ಸರಿ ಕಾಣುತ್ತೆ. ಬೆಂಗಳೂರಿನಲ್ಲಿ ಮನೆಯ ಬೆಲೆ ಜೊತೆ ಹೋಲಿಸಿದರೆ ಬಾಡಿಗೆ ಕಡಿಮೆ, ಸಾಲದ ಬಡ್ಡಿ ಜಾಸ್ತಿ. ಬಾಡಿಗೆಯಲ್ಲೇ ಇದ್ದು ಉಳಿದದ್ದನ್ನು ಹೂಡಿಕೆ ಮಾಡಿ ಅನ್ನುತ್ತಾರೆ. ಅತ್ತೆಗೆ ಮಂಡಿ ನೋವು, ಮೂರನೇ ಮಹಡಿ ಆಗಲ್ಲ, ಓನರ್ ಮಗನಿಗೆ ಮದುವೆ ಆದರೆ ಮನೆ ಖಾಲಿ ಮಾಡಬೇಕು, ಮಕ್ಕಳ ಶಾಲೆ ದೂರ ಆಗುತ್ತೆ. ಇದಕ್ಕೆಲ್ಲ ಎಕ್ಸೆಲ್‌ನಲ್ಲಿ ಕಾಲಂ ಇಲ್ಲ. ನಾವು ನೆಲಮಂಗಲದ ಕಡೆ ಒಂದು ಸಣ್ಣ ಮನೆ ತೆಗೆದುಕೊಂಡೆವು, ಗ್ರೌಂಡ್ ಫ್ಲೋರು. ಲಾಭವೋ ನಷ್ಟವೋ ಲೆಕ್ಕ ಹಾಕಿಲ್ಲ, ಹಾಕುವುದೂ ಇಲ್ಲ.

ಚಿನ್ನ "ಸತ್ತ ದುಡ್ಡು" ಅಂತಾರೆ. ಸರ್ಕಾರವೇ 2015ರ ನವೆಂಬರ್‌ನಲ್ಲಿ ಗ್ರಾಂಗೆ 2,684 ರೂಪಾಯಿಗೆ ಚಿನ್ನದ ಬಾಂಡ್ ಮಾರಿ, ಎಂಟು ವರ್ಷದ ಮೇಲೆ 6,132 ರೂಪಾಯಿ ವಾಪಸ್ ಕೊಟ್ಟಿತು. ನಡುವೆ ಬಡ್ಡಿ ಬೇರೆ. ಒಡವೆಯಲ್ಲಿ ಮಜೂರಿ, ವೇಸ್ಟೇಜ್ ಹೋಗುತ್ತೆ, ಒಪ್ಪುತ್ತೇನೆ. ಆದರೆ ಭಾನುವಾರ ರಾತ್ರಿ ಆಸ್ಪತ್ರೆಗೆ ಸೇರಿಸಿದವರು ಸೋಮವಾರ ಬೆಳಿಗ್ಗೆ ಬಳೆ ಅಡ ಇಟ್ಟು ದುಡ್ಡು ತರುವುದನ್ನು ಎಷ್ಟು ಸಲ ನೋಡಿಲ್ಲ.

ಮಲಗಿದ್ದಾಗಲೂ ದುಡ್ಡು ಅನ್ನುವ ಸಲಹೆಗೆ ಸೊನ್ನೆ. ಇದರ ಕೊನೆ ಹೆಚ್ಚಾಗಿ ಒಂದು ಕೋರ್ಸು, ಇಲ್ಲದಿದ್ದರೆ ಆಪ್ಷನ್ ಟ್ರೇಡಿಂಗ್, ಅಂದರೆ ಷೇರಿನ ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅಂತ ಬಾಜಿ ಕಟ್ಟುವ ವ್ಯಾಪಾರ. 2024ರ ಸೆಪ್ಟೆಂಬರ್‌ನಲ್ಲಿ ಷೇರು ಪೇಟೆ ನಿಯಂತ್ರಿಸುವ ಸೆಬಿ ಕೊಟ್ಟ ವರದಿ ಪ್ರಕಾರ ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಆಡಿದ ಸಾಮಾನ್ಯ ಜನರಲ್ಲಿ ಶೇ. 93ರಷ್ಟು ಮಂದಿ ನಷ್ಟ ಮಾಡಿಕೊಂಡಿದ್ದಾರೆ, ಎಲ್ಲರ ನಷ್ಟ ಸೇರಿಸಿದರೆ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಮಲಗಿದವರ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಇದರಲ್ಲೇ ಗೊತ್ತಾಗುತ್ತೆ.

ನಾನು ಈಗ ಮಾಡಿಕೊಂಡಿರುವ ಒಂದು ಬದಲಾವಣೆ ಹೇಳುತ್ತೇನೆ, ಇದು ನಾನು ನೋಡಿದ ಯಾವ ವಿಡಿಯೋದಲ್ಲೂ ಇರಲಿಲ್ಲ. ಎಸ್‌ಐಪಿ ಕಟ್ ಆಗುವ ದಿನವೇ "ಊರಿಗೆ" ಅಂತ ಬೇರೊಂದು ಖಾತೆಗೆ ಒಂದಿಷ್ಟು ಹೋಗುತ್ತೆ. ತಮ್ಮನ ಫೀಸು, ಅಮ್ಮನ ಮಾತ್ರೆ, ಜಾತ್ರೆ, ಯಾರದೋ ಗೃಹಪ್ರವೇಶದ ಮುಯ್ಯಿ, ಎಲ್ಲ ಅಲ್ಲಿಂದಲೇ. ಮುಂಚೆ ಇವೆಲ್ಲ "ಅನಿರೀಕ್ಷಿತ ಖರ್ಚು" ಅಂತ ಬಂದು ಎಸ್‌ಐಪಿ ಮುರಿಸುತ್ತಿದ್ದವು. ಪ್ರತಿ ವರ್ಷ ಬರುವ ಜಾತ್ರೆ ಅದು ಹೇಗೆ ಅನಿರೀಕ್ಷಿತ ಆಗುತ್ತೆ ಹೇಳಿ. ಯಜಮಾನರು ಮೊದಲು, "ಇದೇನು, ಮೊದಲು ನಮ್ಮ ಪಾಲು ಅಂದೆ, ಈಗ ಊರಿನ ಪಾಲು ಅಂತೀಯ" ಅಂತ ರೇಗಿಸಿದರು. ಈಗ ಅವರ ಅಕ್ಕನ ಮನೆಯ ಖರ್ಚೂ ಅಲ್ಲಿಂದಲೇ ಹೋಗುತ್ತಿರುವುದರಿಂದ ಸುಮ್ಮನಿದ್ದಾರೆ.

ಯಾರಿಗೆ ಶಿಫಾರಸು ಮಾಡುತ್ತೇನೆ? ಹೊಸದಾಗಿ ಕೆಲಸಕ್ಕೆ ಸೇರಿ, ತಿಂಗಳಿಗೆ ನಾಲ್ಕೈದು ಸಾವಿರವಾದರೂ ಮಿಗುವವರಿಗೆ, ಖಂಡಿತ. ಅದರಲ್ಲೂ ಬೋರ್ ಹೊಡೆಸುವ ಭಾಗಗಳನ್ನು ತೆಗೆದುಕೊಳ್ಳಿ, ರೋಮಾಂಚನ ಆಗುವ ಭಾಗ ಬಿಡಿ. ಕ್ರೆಡಿಟ್ ಕಾರ್ಡ್ ಬಾಕಿ ಇರುವವರು ಮೊದಲು ಅದನ್ನು ಕಟ್ಟಿ, ತಿಂಗಳಿಗೆ ಶೇ. 3ರ ಮೇಲೆ ಬಡ್ಡಿ ಕಟ್ಟುತ್ತಾ ಎಸ್‌ಐಪಿ ಮಾಡುವುದರಲ್ಲಿ ಅರ್ಥವಿಲ್ಲ. ಸಂಬಳ ಪೂರ್ತಿ ಮನೆ ಖರ್ಚಿಗೇ ಹೋಗುವವರಿಗೆ ಈ ಸಲಹೆಗಳಿಂದ ಸಿಗುವುದು ಬೇಜಾರು ಮಾತ್ರ, ಅವರಿಗೆ ಬೇಕಿರುವುದು ಸಂಬಳ ಜಾಸ್ತಿ ಆಗೋದು, ಅದನ್ನು ಯಾವ ರೀಲ್ಸೂ ಮಾಡಿಕೊಡಲ್ಲ. ಪಿಎಫ್ ಇರುವವರು ಎಲ್ಲರೂ ನಿಮ್ಮ ಯುಎಎನ್ (ಪಿಎಫ್ ಖಾತೆಯ ನಂಬರ್) ಹಾಕಿ ಖಾತೆ ತೆರೆದು ನಾಮಿನಿ ಹೆಸರು ಹಾಕಿದ್ದೀರಾ, ಆಧಾರ್‌ನಲ್ಲಿರುವ ಹೆಸರಿಗೂ ಅಲ್ಲಿರುವ ಹೆಸರಿಗೂ ಸ್ಪೆಲ್ಲಿಂಗ್ ಹೊಂದುತ್ತಾ ಅಂತ ಈ ವಾರ ನೋಡಿ. ನನ್ನ ಟೇಬಲ್‌ನಲ್ಲಿ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ.