ಒಂದೇ ಲ್ಯಾಪ್‌ಟಾಪ್, ಎರಡು ಓಎಸ್: ನಾಲ್ಕು ದಾರಿ ನೋಡಿದ ಮೇಲೆ

ವಿಂಡೋಸ್ ಇರುವ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಕೂಡ ಹಾಕಿಕೊಡಿ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ರ‍್ಯಾಮ್ ಎಷ್ಟಿದೆ ಅಂತಲ್ಲ. ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಇನ್ನೊಂದು ಎಷ್ಟು ಸಲ ಬೇಕಾಗುತ್ತದೆ ಅಂತ. ಗಂಟೆಗೊಮ್ಮೆ ಅತ್ತಿಂದಿತ್ತ ಓಡಾಡುವವರಿಗೆ ಡ್ಯುಯಲ್ ಬೂಟ್, ಅಂದರೆ ಎರಡೂ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕಿಟ್ಟು ಆನ್ ಮಾಡುವಾಗ ಒಂದನ್ನು ಆರಿಸಿಕೊಳ್ಳುವ ಏರ್ಪಾಡು, ದೊಡ್ಡ ಹಿಂಸೆ. ಪ್ರತಿ ಸಲ ಎಲ್ಲ ಮುಚ್ಚಿ, ರೀಸ್ಟಾರ್ಟ್ ಮಾಡಿ, ಬ್ರೌಸರ್ ಟ್ಯಾಬ್‌ಗಳನ್ನು ಮತ್ತೆ ತೆರೆಯುತ್ತಾ ಕೂರಬೇಕು. ವಾರಕ್ಕೆ ಒಂದೆರಡು ಸಲ ಸಾಕು ಅನ್ನುವವರಿಗೆ ಮಾತ್ರ ಅದರಷ್ಟು ಚೆನ್ನಾಗಿರುವ ವ್ಯವಸ್ಥೆ ಬೇರೆ ಇಲ್ಲ.

ನಾನು ಈ ಎರಡನೇ ಗುಂಪಿನವನು. ದಿನದ ಕೆಲಸವೆಲ್ಲ ಲಿನಕ್ಸ್‌ನಲ್ಲಿ. ವಿಂಡೋಸ್ ಬೇಕಾಗುವುದು ತಮ್ಮನ ಅಂಗಡಿಯ ಟ್ಯಾಲಿ ಲೆಕ್ಕಕ್ಕೆ, ಮತ್ತೆ ಯೂನಿಕೋಡ್ ಬರುವ ಮೊದಲಿನ ನುಡಿ ತಂತ್ರಾಂಶದ ಫೈಲುಗಳನ್ನು ತೆರೆಯೋದಕ್ಕೆ. ಆ ಹಳೆಯ ಫೈಲುಗಳು ಅವುಗಳದ್ದೇ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಕಾಣುವುದೇ ಇಲ್ಲ, ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು. ಲ್ಯಾಪ್‌ಟಾಪ್ ಹೊಸದೇನಲ್ಲ. 8ನೇ ಜನರೇಶನ್ ಇಂಟೆಲ್ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಂ.2 ಎಸ್‌ಎಸ್‌ಡಿ. ಪಕ್ಕದಲ್ಲಿ 2.5 ಇಂಚಿನ ಹಳೆಯ ಹಾರ್ಡ್ ಡಿಸ್ಕ್. ಇದರ ಮೇಲೆ ವಿಂಡೋಸ್ 11 ಮತ್ತು ಉಬುಂಟು 24.04 (ಲಿನಕ್ಸ್‌ನ ಒಂದು ಬಗೆ) ಇಟ್ಟುಕೊಂಡು ಬೇರೆ ಬೇರೆ ದಾರಿ ನೋಡಿದ್ದೇನೆ.

ಎಲ್ಲಕ್ಕಿಂತ ಸುಲಭವಾದದ್ದು ಡಬ್ಲ್ಯೂಎಸ್‌ಎಲ್, ಅಂದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟ್‌ನದೇ ಏರ್ಪಾಡು. 2016ರಲ್ಲಿ ಬಂದಾಗ ಅದರಲ್ಲಿ ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಇರಲಿಲ್ಲ. 2019ರಲ್ಲಿ ಘೋಷಿಸಿದ ಎರಡನೇ ಆವೃತ್ತಿಯಲ್ಲಿ ನಿಜವಾದ ಕರ್ನಲ್ಲೇ ಒಂದು ಹಗುರವಾದ ವರ್ಚುವಲ್ ಮೆಷಿನ್ (ಕಂಪ್ಯೂಟರ್ ಒಳಗಿನ ತೋರಿಕೆಯ ಕಂಪ್ಯೂಟರ್) ಒಳಗೆ ಓಡುತ್ತದೆ. ಬಯಾಸ್‌ನಲ್ಲಿ (ಓಎಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ವರ್ಚುವಲೈಸೇಶನ್ ಆನ್ ಇದ್ದರೆ ಪವರ್‌ಶೆಲ್‌ನಲ್ಲಿ ಒಂದು ಕಮಾಂಡ್ ಕೊಟ್ಟರೆ ಆಯ್ತು. ರೀಸ್ಟಾರ್ಟ್ ಆಗಿ ಬಂದ ಮೇಲೆ ಉಬುಂಟು ಟರ್ಮಿನಲ್ ಕೈಗೆ ಸಿಗುತ್ತದೆ. ಪಾರ್ಟಿಷನ್ (ಡಿಸ್ಕ್‌ನ ಭಾಗಗಳು) ಮುಟ್ಟುವ ಕೆಲಸ ಇಲ್ಲ, ಡೇಟಾ ಹೋಗುವ ಭಯವೂ ಇಲ್ಲ.

ತೊಂದರೆ ಶುರುವಾಗುವುದು ಫೈಲ್ ಎಲ್ಲಿಟ್ಟಿದ್ದೀರಿ ಅನ್ನುವಲ್ಲಿ. ಪ್ರಾಜೆಕ್ಟ್ ಲಿನಕ್ಸ್ ಕಡೆಯ ಹೋಮ್ ಫೋಲ್ಡರ್‌ನಲ್ಲಿದ್ದರೆ ಕೆಲಸ ಸಲೀಸು. ಅದೇ ಪ್ರಾಜೆಕ್ಟ್ ಸಿ ಡ್ರೈವ್‌ನಲ್ಲಿದ್ದು ಲಿನಕ್ಸ್‌ನಿಂದ ಅದನ್ನು ಮುಟ್ಟಿದರೆ ಆಮೆ ನಡಿಗೆ. ಸಾವಿರಾರು ಚಿಕ್ಕ ಫೈಲುಗಳಿರುವ ಫೋಲ್ಡರ್‌ನಲ್ಲಿ ಗಿಟ್‌ಗೆ (ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಟೂಲ್) ಏನೇನು ಬದಲಾಗಿದೆ ಅಂತ ಕೇಳಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಇನ್ನೊಂದು ವಿಷಯ ರ‍್ಯಾಮ್. ನೀವೇ ಮಿತಿ ಹಾಕದಿದ್ದರೆ ಇದು ಒಟ್ಟು ರ‍್ಯಾಮ್‌ನ ಅರ್ಧದವರೆಗೂ ತೆಗೆದುಕೊಳ್ಳಬಹುದು. 8 ಜಿಬಿ ಮೆಷಿನ್‌ನಲ್ಲಿ ಅರ್ಧ ಹೋದರೆ ವಿಂಡೋಸ್ 11ಕ್ಕೆ ಉಳಿಯುವುದರಲ್ಲಿ ಕ್ರೋಮ್ ಒಂದೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ 'ವಿಎಂಮೆಮ್' ಅನ್ನೋ ಹೆಸರು ಮೇಲಕ್ಕೇರಿ ಕೂತಿದ್ದರೆ ಅದು ಇದೇ. ಒಂದು ಚಿಕ್ಕ ಕಾನ್ಫಿಗ್ ಫೈಲ್ ಬರೆದು ಮಿತಿ ಹಾಕಬಹುದು. ನಾನು ಹಾಕಿದ ಮೇಲೆ ಸುಧಾರಿಸಿತು.

ಆದರೆ ಇದರಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ಸಿಗುವುದಿಲ್ಲ. ಲಿನಕ್ಸ್‌ನ ಒಂದೊಂದು ಅಪ್ಲಿಕೇಶನ್ ವಿಂಡೋಸ್ ಪರದೆ ಮೇಲೆ ತೆರೆಯಬಹುದು, ಅಷ್ಟೇ. ಯುಎಸ್‌ಬಿಗೆ ಚುಚ್ಚಿದ ಎಲೆಕ್ಟ್ರಾನಿಕ್ಸ್ ಬೋರ್ಡ್ ಕೂಡ ನೇರವಾಗಿ ಕಾಣಿಸುವುದಿಲ್ಲ, ಅದಕ್ಕೆ ಬೇರೆ ಟೂಲ್ ಬೇಕು. ಕೋಡ್ ಬರೆಯುವವರಿಗೆ ಭರ್ಜರಿ. ಲಿನಕ್ಸ್‌ಗೇ ಹೋಗಬೇಕು ಅಂತಿರುವವರಿಗೆ ಇದು ಬಾಗಿಲವರೆಗೆ ಮಾತ್ರ.

ವರ್ಚುವಲ್ ಮೆಷಿನ್ ಓಡಿಸುವ ವರ್ಚುವಲ್‌ಬಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇನ್‌ಸ್ಟಾಲ್ ಮಾಡಿ, ಉಬುಂಟುವಿನ ಐಎಸ್‌ಒ (ಇನ್‌ಸ್ಟಾಲ್ ಫೈಲ್) ತೋರಿಸಿ, ಪೂರ್ತಿ ಡೆಸ್ಕ್‌ಟಾಪ್ ಒಂದು ಕಿಟಕಿಯೊಳಗೆ ಸಿಗುತ್ತದೆ. ಸ್ನ್ಯಾಪ್‌ಶಾಟ್ ತೆಗೆದಿಟ್ಟು ಏನು ಬೇಕಾದರೂ ಹಾಳು ಮಾಡಿ, ಒಂದು ಕ್ಲಿಕ್‌ಗೆ ಹಳೆಯದಕ್ಕೆ ವಾಪಸ್. ಕಲಿಯೋದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ 8 ಜಿಬಿಯನ್ನು ಇಬ್ಬರಿಗೆ ಹಂಚಿದರೆ ಇಬ್ಬರಿಗೂ ಅರೆಹೊಟ್ಟೆ. ಇನ್ನೊಂದು ತಮಾಷೆ ಇದೆ. ಡಬ್ಲ್ಯೂಎಸ್‌ಎಲ್ ಹಾಕಿದ್ದ ಮೆಷಿನ್‌ನಲ್ಲೇ ವರ್ಚುವಲ್‌ಬಾಕ್ಸ್ ಓಡಿಸಿದೆ. ಕೆಳಗಿನ ಪಟ್ಟಿಯ ಮೂಲೆಯಲ್ಲಿ ಹಸಿರು ಆಮೆಯ ಚಿತ್ರ ಬಂತು! ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯವನ್ನು ವಿಂಡೋಸ್‌ನದೇ ಹೈಪರ್-ವಿ ಆಗಲೇ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಓಡಬೇಕು, ನಿಧಾನ ಆಗುತ್ತದೆ ಅಂತ ಅದರ ಅರ್ಥ. ಅಂದರೆ ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಅಷ್ಟು ಜಾಣತನವಲ್ಲ. 16 ಜಿಬಿ ಇರುವವರು ಇದನ್ನೇ ತಿರುಗಿಸಿ ಮಾಡಬಹುದು. ಲಿನಕ್ಸ್ ಹೊರಗೆ, ಅದರೊಳಗೆ ವರ್ಚುವಲ್ ವಿಂಡೋಸ್. ಬಿಲ್ ಹಾಕುವ ಸಾಫ್ಟ್‌ವೇರ್‌ಗೆ ಅಷ್ಟು ಸಾಕು. ಅದಕ್ಕೂ ವಿಂಡೋಸ್ ಲೈಸೆನ್ಸ್ ಬೇಕು ಅನ್ನುವುದು ನೆನಪಿರಲಿ.

ಈಗ ನಿಜವಾದ ಡ್ಯುಯಲ್ ಬೂಟ್. ಒಂದೇ ಎಸ್‌ಎಸ್‌ಡಿಯಲ್ಲಿ ಎರಡೂ.

ಇನ್‌ಸ್ಟಾಲ್ ಮಾಡುವುದು ದೊಡ್ಡ ವಿಷಯವಲ್ಲ, ಅದು ಅರ್ಧ ಗಂಟೆ ಕೆಲಸ. ಕಷ್ಟ ಇರುವುದೆಲ್ಲ ಅದಕ್ಕೆ ಮುಂಚೆ, ವಿಂಡೋಸ್ ಕಡೆ. ಮೊದಲು ಬಿಟ್‌ಲಾಕರ್ (ಕೀ ಇಲ್ಲದೆ ಓದಲಾಗದಂತೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ನೋಡಬೇಕು. ಇತ್ತೀಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಡಿಸ್ಕ್ ಎನ್‌ಕ್ರಿಪ್ಶನ್ ತಾನಾಗೇ ಆನ್ ಆಗಿರಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಓಎಸ್ ಏಳದಂತೆ ತಡೆಯುವ ಸೆಟ್ಟಿಂಗ್) ಅಥವಾ ಬೂಟ್ ಕ್ರಮ ಬದಲಾಯಿಸಿದ ಮೇಲೆ ವಿಂಡೋಸ್ ಏಳದೆ ನೀಲಿ ಪರದೆ ತೋರಿಸಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಅಕೌಂಟ್‌ನಲ್ಲಿ ಇರುತ್ತದೆ ನಿಜ. ಆದರೆ ಪಾಸ್‌ವರ್ಡ್ ಮರೆತವರು ಅಕೌಂಟ್ ತೆರೆಯುವುದು ಹೇಗೆ, ಅಲ್ವಾ? ಮೊದಲೇ ಕಾಗದದ ಮೇಲೆ ಬರೆದಿಡಿ, ಅಥವಾ ಎನ್‌ಕ್ರಿಪ್ಶನ್ ಆಫ್ ಮಾಡಿ ಪೂರ್ತಿ ಮುಗಿಯುವವರೆಗೆ ಕಾಯಿರಿ.

ಆಮೇಲೆ ಜಾಗ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ನೂರು ಜಿಬಿ ಖಾಲಿ ಇದ್ದರೂ ಅದು ಕೆಲವೊಮ್ಮೆ ಮೂವತ್ತೋ ನಲವತ್ತೋ ಮಾತ್ರ ಬಿಟ್ಟುಕೊಡುತ್ತದೆ. ಪೇಜ್‌ಫೈಲ್, ಹೈಬರ್ನೇಶನ್ ಫೈಲ್, ಸಿಸ್ಟಮ್ ರಿಸ್ಟೋರ್‌ನ ಫೈಲುಗಳು ಡಿಸ್ಕ್‌ನ ನಡುವೆ ಕೂತಿರುತ್ತವೆ, ಅವನ್ನು ಅದು ಸರಿಸುವುದಿಲ್ಲ. ಈ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಬೇಕಾದಷ್ಟು ಜಾಗ ಸಿಗುವ ಸಂಭವ ಜಾಸ್ತಿ. ಉಬುಂಟುಗೆ 25 ಜಿಬಿ ಸಾಕು ಅಂತ ಬರೆದಿರುತ್ತಾರೆ. ಡಾಕರ್ ಗೀಕರ್ ಅಂತ ಜಾಗ ತಿನ್ನುವ ಟೂಲ್‌ಗಳ ಕಡೆ ಹೋಗುವವರು ಅದನ್ನು ನಂಬಬೇಡಿ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ನಿಲ್ಲುತ್ತದೆ. ಆಮೇಲೆ ಲಿನಕ್ಸ್‌ಗೆ ಬಂದು ಡಿ ಡ್ರೈವ್ ತೆರೆದರೆ ಫೈಲ್ ಓದಬಹುದು, ಸೇವ್ ಮಾಡಲು ಬಿಡುವುದಿಲ್ಲ. ಕೆಲವು ಸಲ ಡ್ರೈವೇ ತೆರೆಯುವುದಿಲ್ಲ. ಲಿನಕ್ಸ್ ಕೆಟ್ಟಿದೆ ಅಂತ ಅದನ್ನು ಬೈಯುತ್ತಾರೆ ಜನ. ಅದು ಪಾಪ ಡೇಟಾ ಉಳಿಸುವುದಕ್ಕೆ ಕೈ ಹಿಡಿದುಕೊಂಡಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಇದನ್ನು ಆಫ್ ಮಾಡಿಬಿಡಿ. ಎಸ್‌ಎಸ್‌ಡಿ ಇದ್ದರೆ ಹೆಚ್ಚೇನೂ ನಿಧಾನ ಆಗುವುದಿಲ್ಲ.

ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಉಬುಂಟು ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣುವುದೇ ಇಲ್ಲ. ಬಯಾಸ್‌ನಲ್ಲಿ ಸ್ಟೋರೇಜ್ ಇಂಟೆಲ್‌ನದೇ ಆರ್‌ಎಸ್‌ಟಿ ಮೋಡ್‌ನಲ್ಲಿರುತ್ತದೆ, ಸಾಮಾನ್ಯವಾದ ಎಎಚ್‌ಸಿಐಗೆ ಬದಲಾಯಿಸಬೇಕು. ಸುಮ್ನೆ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಮುಂದಿನ ಬೂಟ್ ಸೇಫ್ ಮೋಡ್‌ಗೆ ಹೋಗುವಂತೆ ವಿಂಡೋಸ್‌ನಲ್ಲಿ ಹೇಳಿಟ್ಟು, ಆಮೇಲೆ ಬಯಾಸ್ ಬದಲಾಯಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಆ ಸೂಚನೆಯನ್ನು ತೆಗೆಯಬೇಕು.

ಎಲ್ಲ ಸರಿಯಾಗಿ, ಗ್ರಬ್ (ಯಾವ ಓಎಸ್ ಬೇಕು ಅಂತ ಕೇಳುವ ಲಿನಕ್ಸ್‌ನ ಬೂಟ್‌ಲೋಡರ್) ಮೆನುವಿನಲ್ಲಿ ಎರಡೂ ಹೆಸರು ಕಂಡ ಮೇಲೂ ಒಂದು ಉಳಿದಿರುತ್ತದೆ. ಗಡಿಯಾರ. ಬೆಳಗ್ಗೆ ಹತ್ತು ಗಂಟೆಗೆ ಲಿನಕ್ಸ್ ಮುಚ್ಚಿ ವಿಂಡೋಸ್‌ಗೆ ಹೋದರೆ ಅದು ಬೆಳಗಿನ ಜಾವ ನಾಲ್ಕೂವರೆ ಅನ್ನುತ್ತದೆ. ಮದರ್‌ಬೋರ್ಡ್ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಗ್ರೀನಿಚ್ ಲೆಕ್ಕದ ಯುಟಿಸಿ ಇಡುತ್ತದೆ. ನಮಗೂ ಅದಕ್ಕೂ ಐದೂವರೆ ಗಂಟೆ ಅಂತರ. ಲಂಡನ್‌ನಲ್ಲಿ ಚಳಿಗಾಲದಲ್ಲಿ ಇದು ಗೊತ್ತೇ ಆಗುವುದಿಲ್ಲ, ನಮ್ಮಲ್ಲಿ ಮಾತ್ರ ತಕ್ಷಣ ಕಣ್ಣಿಗೆ ಬೀಳುತ್ತದೆ. ನೆಟ್ ಸಿಕ್ಕ ಮೇಲೆ ಸರಿಹೋಗಬಹುದು. ಆದರೆ ಟ್ಯಾಲಿಯಂಥ ಕಡೆ ಮಧ್ಯರಾತ್ರಿ ದಾಟಿದ ಸಮಯಕ್ಕೆ ತಾರೀಖೇ ಹಿಂದಿನ ದಿನದ್ದಾದರೆ ತಲೆನೋವು. ಲಿನಕ್ಸ್ ಕಡೆ ಒಂದೇ ಕಮಾಂಡ್‌ನಿಂದ ಅದೂ ಸ್ಥಳೀಯ ಸಮಯವನ್ನೇ ಬಳಸುವಂತೆ ಮಾಡಬಹುದು. ನಾನು ಹಾಗೇ ಮಾಡಿದ್ದೇನೆ.

ಒಂದೇ ಡಿಸ್ಕ್‌ನ ದೊಡ್ಡ ಅವಗುಣ ಅಂದರೆ ಇಬ್ಬರ ಬೂಟ್‌ಲೋಡರ್‌ಗಳೂ (ಓಎಸ್ ಎಬ್ಬಿಸುವ ಪ್ರೋಗ್ರಾಂಗಳು) ಒಂದೇ ಚಿಕ್ಕ ಇಎಫ್ಐ ಪಾರ್ಟಿಷನ್‌ನಲ್ಲಿ ಬಾಳಬೇಕು. ವಿಂಡೋಸ್ ಅದನ್ನು ಸಾಮಾನ್ಯವಾಗಿ 100 ಎಂಬಿಯಷ್ಟು ಮಾಡಿರುತ್ತದೆ. ದೊಡ್ಡ ಅಪ್‌ಡೇಟ್ ಆದ ಮೇಲೆ ಬೂಟ್ ಕ್ರಮದಲ್ಲಿ ವಿಂಡೋಸ್ ಮತ್ತೆ ಮೇಲೆ ಬಂದು ಕೂರುವುದುಂಟು. ಗ್ರಬ್ ಮಾಯವಾಯ್ತು ಅಂತ ಗಾಬರಿಯಾಗುವ ಮೊದಲು ಬಯಾಸ್‌ಗೆ ಹೋಗಿ ಉಬುಂಟುವನ್ನು ಮೇಲಕ್ಕೆ ಎಳೆಯಿರಿ, ಬಹಳ ಸಲ ಅಷ್ಟೇ ಸಾಕು.

ಎರಡು ಡಿಸ್ಕ್‌ನ ದಾರಿ ನನಗೆ ಇಷ್ಟವಾಗಿದ್ದು ಈ ಕಾರಣಕ್ಕೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಆ ಜಾಗಕ್ಕೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಂಡ ಸಾಟಾ ಎಸ್‌ಎಸ್‌ಡಿ ಹಾಕಿದೆ. ವಿಂಡೋಸ್ ತನ್ನ ಎಂ.2ನಲ್ಲಿ, ಲಿನಕ್ಸ್ ತನ್ನದರಲ್ಲಿ. ಒಂದು ಉಪಾಯ ಮಾತ್ರ ಬಿಡಬೇಡಿ. ಲಿನಕ್ಸ್ ಹಾಕುವಾಗ ವಿಂಡೋಸ್ ಇರುವ ಎಸ್‌ಎಸ್‌ಡಿಯ ಸ್ಕ್ರೂ ಬಿಚ್ಚಿ ಹೊರಗಿಡಿ. ಇಲ್ಲದಿದ್ದರೆ ಇನ್‌ಸ್ಟಾಲರ್ ತನ್ನ ಬೂಟ್‌ಲೋಡರನ್ನು ವಿಂಡೋಸ್ ಡಿಸ್ಕ್‌ನ ಇಎಫ್ಐ ಪಾರ್ಟಿಷನ್‌ಗೇ ಹಾಕಿಬಿಡಬಹುದು. ಆಗ ಎರಡು ಡಿಸ್ಕ್ ಇದ್ದೂ ಪ್ರಯೋಜನವಿಲ್ಲ, ವಿಂಡೋಸ್ ಡಿಸ್ಕ್ ತೆಗೆದರೆ ಲಿನಕ್ಸೂ ಏಳುವುದಿಲ್ಲ. ಬಿಚ್ಚಿಟ್ಟು ಹಾಕಿದರೆ ಎರಡೂ ಪೂರ್ತಿ ಸ್ವತಂತ್ರ. ಆನ್ ಮಾಡಿದಾಗ ಬೂಟ್ ಮೆನು ಕೀ ಒತ್ತಿ ಬೇಕಾದದ್ದನ್ನು ಆರಿಸಿಕೊಳ್ಳುವುದು. ನನ್ನದರಲ್ಲಿ ಅದು ಎಫ್12. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ಆದರೂ ಇದು ಎಲ್ಲದರಿಂದಲೂ ಕಾಪಾಡುವುದಿಲ್ಲ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಸೆಕ್ಯುರಿಟಿ ಅಪ್‌ಡೇಟ್, ದೋಷವಿರುವ ಹಳೆಯ ಬೂಟ್‌ಲೋಡರ್‌ಗಳನ್ನು ತಡೆಯಲು ಹೋಗಿ ಹಲವು ಮೆಷಿನ್‌ಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತ್ತು. 'ಸೆಕ್ಯುರಿಟಿ ಪಾಲಿಸಿ ವಯಲೇಶನ್' ಅನ್ನೋ ಸಾಲು ಬಂದು ಮೆಷಿನ್ ಆಫ್. ಡ್ಯುಯಲ್ ಬೂಟ್ ಇರುವ ಕಡೆ ಆ ಬದಲಾವಣೆ ಹೋಗುವುದಿಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತ್ತು, ಹೋಯಿತು. ಆ ತಡೆಪಟ್ಟಿ ಇರುವುದು ಡಿಸ್ಕ್‌ನಲ್ಲಲ್ಲ, ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲಿ. ಹಾಗಾಗಿ ಎಷ್ಟು ಡಿಸ್ಕ್ ಇದ್ದರೂ ಒಂದೇ. ಲಿನಕ್ಸ್ ಕಡೆಯ ಅಪ್‌ಡೇಟ್‌ಗಳನ್ನು ಹಾಕುತ್ತಾ ಇರುವುದೇ ಅದಕ್ಕೆ ಮದ್ದು.

ಕನ್ನಡ ಟೈಪಿಂಗ್ ವಿಷಯದಲ್ಲಿ ನನ್ನ ಓಟು ಲಿನಕ್ಸ್‌ಗೆ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿದರೆ ಕಗಪ ಕೀಲಿಮಣೆ ಸಿಗುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತುವ, ಬೆರಳಿಗೆ ರೂಢಿಯಾದ ಅದೇ ನುಡಿ ವಿನ್ಯಾಸ. ವಿಂಡೋಸ್ ಜೊತೆಗೇ ಬರುವುದು ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್, ಕಗಪ ಬೇಕಾದರೆ ನುಡಿ ತಂತ್ರಾಂಶ ಬೇರೆ ಹಾಕಿಕೊಳ್ಳಬೇಕು. ಭಾಷೆ ಬದಲಿಸುವ ಕೀ ಎರಡರಲ್ಲೂ ಒಂದೇ, ವಿಂಡೋಸ್ ಕೀ ಜೊತೆ ಸ್ಪೇಸ್. ಗುಬ್ಬಿ, ನವಿಲು ಫಾಂಟ್‌ಗಳೂ ಉಬುಂಟುವಿನ ಸಾಫ್ಟ್‌ವೇರ್ ಭಂಡಾರದಲ್ಲೇ ಇವೆ. ಎರಡೂ ಕಡೆ ಬೇಕಾಗುವ ಫೈಲುಗಳನ್ನು ನಾನು ಒಂದು ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಪಾರ್ಟಿಷನ್‌ನಲ್ಲಿ ಇಟ್ಟಿದ್ದೇನೆ. ಲಿನಕ್ಸ್ ಅದನ್ನು ಓದಿ ಬರೆಯುತ್ತದೆ. ವಿಂಡೋಸ್ ಮಾತ್ರ ಲಿನಕ್ಸ್‌ನ ಎಕ್ಸ್‌ಟಿ4 ಕಡೆ ತಾನಾಗಿ ತಿರುಗಿಯೂ ನೋಡುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು? ಕಾಲೇಜು ಲ್ಯಾಬ್‌ಗಾಗಿ ಕಮಾಂಡ್ ಕಲಿಯುವವರು, ಕಂಪನಿ ಲ್ಯಾಪ್‌ಟಾಪ್ ಇರುವವರು ಡಬ್ಲ್ಯೂಎಸ್‌ಎಲ್‌ನಲ್ಲೇ ಇರಿ. ಕಂಪನಿ ಮೆಷಿನ್‌ನ ಪಾರ್ಟಿಷನ್ ಮುಟ್ಟಿ ಐಟಿಯವರ ಹತ್ತಿರ ಬೈಸಿಕೊಳ್ಳುವುದು ಯಾಕೆ? ಎರಡನೇ ಡಿಸ್ಕ್‌ಗೆ ಜಾಗ ಇದ್ದರೆ ಯೋಚನೆಯೇ ಬೇಡ, ಎರಡು ಡಿಸ್ಕ್. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಆ ಜಾಗ ಇರುವುದು ಕಡಿಮೆ. ಅಂಥವರು ಲಿನಕ್ಸನ್ನು ಹೊರಗಿನ ಯುಎಸ್‌ಬಿ ಎಸ್‌ಎಸ್‌ಡಿಗೆ ಹಾಕಿ ಒಂದು ತಿಂಗಳು ಬಳಸಿ ನೋಡಲಿ, ಒಳಗಿನ ಡಿಸ್ಕ್ ಮುಟ್ಟುವ ಪ್ರಶ್ನೆ ಆಮೇಲೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ, 11ಕ್ಕೆ ಅರ್ಹತೆಯಿಲ್ಲದ ಹಳೆಯ ಮೆಷಿನ್ ಹಿಡಿದು ಬರುವವರೂ ಇದ್ದಾರೆ. ಅವರಿಗೆ ನಾನು ಡ್ಯುಯಲ್ ಬೂಟ್ ಮಾಡಿಕೊಡುವುದೇ ಇಲ್ಲ. ಡೇಟಾ ಬ್ಯಾಕಪ್ ತೆಗೆದು, ಪೂರ್ತಿ ಡಿಸ್ಕ್‌ಗೆ ಲಿನಕ್ಸ್ ಮಿಂಟ್ ಹಾಕಿ ಕಳಿಸುತ್ತೇನೆ.